ಎಂಜಿನ್ ಕೂಗ್ತದ, ಬೋಟ್ ಓಡಂಗಿಲ್ಲ: ಪಂಖಾ ತಪ್ಪಿದೆಯಾ, ಬ್ಯಾರೆ ಏನರೆ ಅದನಾ ಅಂತ ಹೆಂಗ ನೋಡೋದು

ನಂದು ಶಹಾಪುರದಾಗ ಪಂಪ್‌ಸೆಟ್, ಬೈಕ್ ರಿಪೇರಿ ಗ್ಯಾರೇಜ್. ಬೋಟ್ ಮೋಟಾರಿನ ಕೆಲಸ ನಾ ಹುಡುಕಿಕೊಂಡು ಹೋಗಿದ್ದಲ್ಲ, ಅದೇ ಬಂತು. ಈ ಕಡಿ ಕೃಷ್ಣಾ, ಆ ಕಡಿ ಭೀಮಾ, ನಡುವ ನಾವು, ಮೀನು ಹಿಡಿಯೋರು ಒಬ್ಬರು ತಂದ್ರು, ಆಮ್ಯಾಲ ಹೊಳಿ ಬಂದಾಗ ಮಂದಿ ದಾಟಿಸೋ ಬೋಟಿನವರು ತಂದ್ರು, ಹಂಗ ಕೈ ಕೂತ್ತು. ಬಂದವರದು ಎಲ್ಲರದೂ ಒಂದೇ ಮಾತು, "ಅಣ್ಣಾ ಪಿಕಪ್ ಇಲ್ಲ ನೋಡು, ಕಾರ್ಬೋರೇಟರ್ ಬಿಚ್ಚು." ಬಿಚ್ಚಿ ತೊಳದು ಹಾಕಿದ್ರೂ ಹಂಗೇ ಇರ್ತದ, ಯಾಕಂದ್ರ ಭಾಳ ಸಲ ತಪ್ಪು ಎಂಜಿನ್ನಿಂದಲ್ಲ, ಹಿಂದ ನೀರಿನ್ಯಾಗ ತಿರುಗೋ ಪಂಖಾದ್ದು (ಪ್ರೊಪೆಲ್ಲರ್). ಎತ್ತಿಗೆ ಜ್ವರ ಬಂದರ ಎಮ್ಮಿಗೆ ಬರಿ ಎಳದಂಗ ಆಗ್ತದ. ಇದರ ಉಲ್ಟಾನೂ ಅದ, ಪಂಖಾ ಪಂಖಾ ಅಂತ ಹೊಸಾದು ತಂದು ಹಾಕಿ ನೋಡಿದ್ರ ಪ್ಲಗ್ ಒಂದು ಸತ್ತಿರ್ತದ. ಅದಕ್ಕ ಖರ್ಚಿಲ್ಲದ್ದು ಮೊದಲು, ಖರ್ಚಿಂದು ಕಡೀಕ, ಆ ಲೆಕ್ಕದಾಗ ಬರದೀನಿ.

ಒಂದು ಮಾತು ಮೊದಲೇ ಹೇಳ್ತೀನಿ. ಪಂಖಾ ಮುಟ್ಟೋಕಿಂತ ಮುಂಚೆ ಎಂಜಿನ್ ಬಂದ್, ಗೇರ್ ನ್ಯೂಟ್ರಲ್, ಎಂಜಿನ್ ಬಂದ್ ಮಾಡೋ ಕೆಂಪು ಕಿಲ್ ಸ್ವಿಚ್ ಹಗ್ಗ ಕಿತ್ತು ಕಿಸೇದಾಗ, ಪ್ಲಗ್ ವೈರ್ ತಗದು ಪಕ್ಕಕ್ಕ. ಕೈಯಿಂದ ಪಂಖಾ ತಿರುವಿದಾಗ ಗೇರ್‌ನ್ಯಾಗ ಇದ್ರ ಎಂಜಿನ್ ಸುರು ಆಗೋ ಸಾಧ್ಯತೆ ಇರ್ತದ, ಬೆರಳು ಹೋದ್ಮ್ಯಾಲ ಯಾವ ಪಂಖಾನೂ ಬೇಕಾಗಂಗಿಲ್ಲ.

ಪೈಲೆ ಮೂರು ಅಂಕಿ ಬರಕೊಳ್ರಿ

ಪಿಕಪ್ ಇಲ್ಲ ಅನ್ನೋದು ರೋಗ ಅಲ್ಲ, ನರಳಾಟ. ರೋಗ ಗೊತ್ತಾಗಬೇಕಂದ್ರ ಮೂರು ಅಂಕಿ ಬೇಕು: ಫುಲ್ ರೇಸ್‌ನ್ಯಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕ ತಿರುಗೋ ಸುತ್ತು) ಎಷ್ಟು, ಜಿಪಿಎಸ್‌ನ್ಯಾಗ ಸ್ಪೀಡ್ ಎಷ್ಟು, ಬೋಟಿನ್ಯಾಗ ವಜ್ಜಿ ಎಷ್ಟು. ಸ್ಪೀಡ್ ಮೊಬೈಲೇ ಹೇಳ್ತದ. ಆರ್‌ಪಿಎಂಗೆ ಪ್ಲಗ್ ವೈರಿಗೆ ಸುತ್ತೋ ಸಣ್ಣ ಡಿಜಿಟಲ್ ಮೀಟರ್ ಸಿಗ್ತದ, ಗಂಟೆ ಲೆಕ್ಕಾನೂ ಅದರಾಗೇ ಇರ್ತದ, ದುಬಾರಿ ಏನಿಲ್ಲ. ಅದರ ಸೆಟ್ಟಿಂಗ್ ತಪ್ಪಿದ್ರ ಅರ್ಧ ಇಲ್ಲಾ ಡಬಲ್ ತೋರಸ್ತದ, 2,400 ಇಲ್ಲಾ 9,600 ಅಂತ ಬಂದರ ಎಂಜಿನ್ ಬಿಟ್ಟು ಮೀಟರ್ ನೋಡ್ರಿ.

ಟೆಸ್ಟ್ ಮಾಡೋದು ನಸಿಕಿನ್ಯಾಗ, ಗಾಳಿ ಏಳೋಕಿಂತ ಮುಂಚೆ. ಹೊಳಿಯಾಗಾದ್ರ ಹರಿವಿನ ಜೋಡಿ ಒಮ್ಮೆ, ಎದುರು ಒಮ್ಮೆ ಓಡಿಸಿ ನಡುವಿನ ಅಂಕಿ ತಗೋರಿ. ಮಂದಿ, ಬಲಿ, ಐಸ್ ಪೆಟ್ಟಿಗಿ, ಪೆಟ್ರೋಲ್ ಕ್ಯಾನ್ ಎಲ್ಲಾ ನೀವು ದಿನಾ ಒಯ್ಯೋಷ್ಟೇ ಇರಲಿ, ಖಾಲಿ ಬೋಟಿನ ಅಂಕಿ ನೋಡಿ ಪಂಖಾ ತಂದವರು ಆಮ್ಯಾಲ ಹೈರಾಣ ಆಗ್ಯಾರ. ಎಲ್ಲರೂ ಲೈಫ್ ಜಾಕೆಟ್ ಹಾಕೇ ಕೂಡಬೇಕು, ಈಜು ಬರ್ತದ ಅನ್ನೋದು ಮೋಟಾರ್ ಬೋಟಿನ್ಯಾಗ ನಡಿಯಂಗಿಲ್ಲ.

ಈಗ ನಿಮ್ಮ ಮೋಟಾರಿನ ಬುಕ್ ತಗದು ಫುಲ್ ರೇಸ್‌ನ್ಯಾಗ ಎಷ್ಟರಿಂದ ಎಷ್ಟು ಆರ್‌ಪಿಎಂ ಇರಬೇಕು ಅಂತ ನೋಡ್ರಿ. ಸಣ್ಣ ಟೂ ಸ್ಟ್ರೋಕ್ ಮೋಟಾರಿಗೆ ಸಾಮಾನ್ಯ 4,500ರಿಂದ 5,500, ಫೋರ್ ಸ್ಟ್ರೋಕಿಗೆ 5,000ದಿಂದ 6,000 ಅಂತ ಇರ್ತದ, ಆದ್ರ ನಿಮ್ಮ ಬುಕ್ಕಿಂದೇ ಖರೇ. ನಿಮ್ಮ ಅಂಕಿ ಅದರ ಕೆಳಗ ಬಂತಾ, ಮ್ಯಾಲ ಹೋಯ್ತಾ, ನಡುವ ಇದ್ದೂ ಬೋಟ್ ಓಡ್ತಿಲ್ಲಾ, ಮೂರಕ್ಕೂ ಮೂರು ಬ್ಯಾರೆ ದಾರಿ.

ಲಕ್ಷಣ: ಫುಲ್ ರೇಸ್ ಕೊಟ್ರೂ ಮೂತಿ ಎತ್ತಿಕೊಂಡು ನೀರು ದಬ್ಕೋತ ಹೋಗ್ತದ, ಆರ್‌ಪಿಎಂ ಏರಂಗಿಲ್ಲ

ಭಾಳ ಬರೋ ಕೇಸ್ ಇದೇ. ಪಂಖಾದ ಕಡಿ ಹೋಗೋಕಿಂತ ಮುಂಚೆ ಪುಕ್ಕಟ್ಟೆ ಕೆಲಸ ಮುಗಿಸ್ರಿ.

ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತಗದದಾ? ಅದು ಮುಚ್ಚಿದ್ರ ಸ್ವಲ್ಪ ದೂರ ಚಲೋ ಓಡಿ ಆಮ್ಯಾಲ ಸೊರಗ್ತದ, ಪೈಪಿನ ನಡುವಿನ ರಬ್ಬರ್ ಬಲ್ಬ್ ಚಪ್ಪಟಿ ಆಗಿರ್ತದ, ಅದೇ ಗುರುತು. ಪೆಟ್ರೋಲ್ ಒಂದು ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಇಡ್ರಿ, ಕೆಳಗ ನೀರಿನ ಗೆರಿ ನಿಂತ್ರ ಅದನ್ನ ಚೆಲ್ರಿ. ಈಗಿನ ಪೆಟ್ರೋಲಿನ್ಯಾಗ ಎಥನಾಲ್ ಇರ್ತದ, ಅದು ನೀರು ಎಳಕೋತದ, ಮಳಿಗಾಲದಾಗ ಅರ್ಧ ತುಂಬಿದ ಟ್ಯಾಂಕ್ ತಿಂಗಳಗಟ್ಟಲೆ ಇಟ್ರ ಇದೇ ಗತಿ. ಟೂ ಸ್ಟ್ರೋಕ್ ಆದ್ರ ಆಯಿಲ್ ಬುಕ್ಕಿನ್ಯಾಗ ಹೇಳಿದಷ್ಟೇ, 50ಕ್ಕ 1 ಅಂದ್ರ ಲೀಟರಿಗೆ 20 ಎಂಎಲ್. "ಜರ ಜಾಸ್ತಿ ಇರಲಿ ಅಣ್ಣಾ, ಎಂಜಿನಿಗೆ ತಂಪು" ಅಂತ ಹಾಕೋರು ಇದ್ದಾರ, ತಂಪಲ್ಲ, ಪ್ಲಗ್ಗಿಗೆ ಮಸಿ.

ಮ್ಯಾಲಿನ ಮುಚ್ಚಳ ತಗದು, ಎಂಜಿನ್ ಬಂದ್ ಇದ್ದಾಗ ಒಬ್ಬರು ರೇಸ್ ಪೂರಾ ತಿರುವ್ರಿ, ಇನ್ನೊಬ್ಬರು ಕಾರ್ಬೋರೇಟರ್ ಕಡಿ ನೋಡ್ರಿ, ಲಿವರ್ ಕಡೀತನಕ ಹೋಗಿ ತಾಗ್ತದನಾ ಅಂತ. ಕೇಬಲ್ ಸಡಿಲಾಗಿ ಮುಕ್ಕಾಲೇ ತೆರೀತಿತ್ತು ಅಂದ್ರ ನಿಮ್ಮ ಫುಲ್ ರೇಸ್ ಫುಲ್ ಅಲ್ಲವೇ ಅಲ್ಲ. ಎರಡು ನಿಮಿಷದ ಕೆಲಸ, ಆದ್ರ ಯಾರೂ ನೋಡಂಗಿಲ್ಲ.

ಆಮ್ಯಾಲ ಪ್ಲಗ್. ಎರಡು ಸಿಲಿಂಡರಿನ ಮೋಟಾರಿನ್ಯಾಗ ಒಂದು ಸತ್ತರೂ ಎಂಜಿನ್ ಓಡ್ತಿರ್ತದ, ನ್ಯೂಟ್ರಲ್‌ನ್ಯಾಗ ಕೂಗೂ ಕೂಗ್ತದ, ಗೇರ್ ಹಾಕಿದ ಕೂಡಲೇ ಕುಸೀತದ. ಪಿಚ್ (ಅಂದ್ರ ಏನು ಅಂತ ಕೆಳಗ ಹೇಳೀನಿ) ಜಾಸ್ತಿ ಆದ ಪಂಖಾದ ಲಕ್ಷಣಾನೂ ಥೇಟ್ ಇದೇ, ಹಿಂಗಾಗಿ ಮೋಸ ಹೋಗ್ತೀವಿ. ಎರಡೂ ಪ್ಲಗ್ ತಗದು ಜೋಡಿ ಇಟ್ಟು ನೋಡ್ರಿ, ಒಂದು ಕಾಫಿ ಬಣ್ಣ, ಇನ್ನೊಂದು ಕರ್ರಗ ಒದ್ದಿ ಅಂದ್ರ ಪಂಖಾದ ಮಾತೇ ಬ್ಯಾಡ, ಆ ಸಿಲಿಂಡರ್ ಮೊದಲು. ಪ್ಲಗ್ ಬದಲಿಸಿದ್ರೂ ಅದೇ ಆದ್ರ ಕಂಪ್ರೆಷನ್ ನೋಡಿಸ್ರಿ, ಎರಡರ ನಡುವ ಶೇಕಡಾ 10-15ಕ್ಕಿಂತ ಹೆಚ್ಚಿಗೆ ಫರಕು ಬಂದರ ಅದು ಬ್ಯಾರೆ ದೊಡ್ಡ ಕೆಲಸ.

ಇದೆಲ್ಲಾ ಬರೋಬರ್ ಅದ, ಆದ್ರೂ ಆರ್‌ಪಿಎಂ ಬುಕ್ಕಿನ ಕೆಳಗಿನ ಅಂಕಿನೇ ಮುಟ್ಟಂಗಿಲ್ಲ ಅಂದ್ರ, ಈಗ ಪಂಖಾದ ಸರದಿ. ಪಿಚ್ ಹೆಚ್ಚಾಗ್ಯದ.

ಪಿಚ್ ಅಂದ್ರ ಏನು ಅಂತ ಭಾಳ ಮಂದಿ ಕೇಳ್ತಾರ. ಬೋಲ್ಟ್ ನಟ್ಟಿನ್ಯಾಗ ಒಂದು ಸುತ್ತು ತಿರುಗಿದ್ರ ಎಷ್ಟು ಒಳಗ ಹೋಗ್ತದೋ, ಪಂಖಾ ನೀರಿನ್ಯಾಗ ಒಂದು ಸುತ್ತಿಗೆ ಜಾರದೇ ಹೋದರ ಅಷ್ಟು ಮುಂದ ಹೋಗಬೇಕಿತ್ತು, ಅದೇ ಪಿಚ್. ಪಂಖಾದ ಮ್ಯಾಲ ಎರಡು ಅಂಕಿ ಒತ್ತಿರ್ತಾರ, ಮೊದಲಿಂದು ಸುತ್ತಳತಿ ಅಲ್ಲ, ಅಡ್ಡಳತಿ, ಎರಡನೇದು ಪಿಚ್, ಎರಡೂ ಇಂಚಿನ್ಯಾಗ. ಹತ್ತಿ ತುಂಬಿದ ಟ್ರಾಲಿ ಕಟ್ಟಿ ಟ್ರ್ಯಾಕ್ಟರ್ ಟಾಪ್ ಗೇರಿನ್ಯಾಗ ಬಿಟ್ರ ಹೆಂಗ ಉಸಿರು ಕಟ್ಟತದೋ, ಹೆಚ್ಚು ಪಿಚ್ಚಿನ ಪಂಖಾಕ್ಕೂ ಹಂಗೇ. ಗೇರ್ ಇಳಿಸಬೇಕು, ಅಂದ್ರ ಪಿಚ್ ಕಮ್ಮಿ ಮಾಡಬೇಕು. ಪಿಚ್ ಒಂದು ಇಂಚು ಇಳಿಸಿದ್ರ ಆರ್‌ಪಿಎಂ ಹತ್ತಿರ ಹತ್ತಿರ 150ರಿಂದ 200 ಏರ್ತದ, ಏರಿಸಿದ್ರ ಅಷ್ಟೇ ಇಳೀತದ.

"ಆರ್‌ಪಿಎಂ ಕಮ್ಮಿ ಇದ್ರ ಒಳ್ಳೇದಲ್ಲೇನು, ಎಂಜಿನ್ ಆರಾಮ ಇರ್ತದ" ಅಂತ ಒಬ್ಬ ಕಾಕಾ ನನಗ ಬುದ್ಧಿ ಹೇಳಿದ್ರು. ಇಲ್ರಿ. ಫುಲ್ ರೇಸ್ ಕೊಟ್ಟೂ ಏರಲಾರದ ಎಂಜಿನ್ ಅಂದ್ರ ಎಳೀಲಾರದ ಎತ್ತು, ಒಳಗ ಬಿಸಿ ಆಗ್ತದ, ಕಾರ್ಬನ್ ಕಟ್ಟತದ, ಪಿಸ್ಟನ್ ತನಕ ಹೋಗ್ತದ.

ನಮ್ಮ ಕಡಿ ಈ ತ್ರಾಸ ಯಾಕ ಜಾಸ್ತಿ

ಮೋಟಾರ್ ಸೆಕೆಂಡ್ ಹ್ಯಾಂಡ್ ಬರೋದು ಭಾಳ ಮಾಡಿ ಕರಾವಳಿ ಕಡಿಂದ, ಸಮುದ್ರದ ಮಟ್ಟದಾಗ ಓಡಿದ್ದು. ಅಲ್ಲಿ ಬರೋಬರ್ ಇದ್ದ ಪಂಖಾ ಇಲ್ಲಿ ಭಾರ ಆಗ್ತದ. ನಾರಾಯಣಪುರದ ಬಸವಸಾಗರ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 492.25 ಮೀಟರ್ ಮ್ಯಾಲ, ಬೀದರಿನ ಕಾರಂಜಾ ಅದಕ್ಕಿಂತ ಎತ್ತರ. ಎತ್ತರ ಹೋದಂಗ ಗಾಳಿ ತೆಳ್ಳಗಾಗ್ತದ, ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ಹತ್ತಿರ ಶೇಕಡಾ 3 ಹೋಗ್ತದ, ಅಂದ್ರ ನಾರಾಯಣಪುರದಾಗ ಐದರ ಸುತ್ತ. ಮ್ಯಾಲ ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲು, ಬಿಸಿ ಗಾಳಿಯೂ ತೆಳ್ಳಂದೇ, ಇನ್ನೊಂದು ಮೂರು ನಾಲ್ಕು ಅದು ತಿಂತದ. 25 ಎಚ್‌ಪಿ ಅಂತ ಬರದಿದ್ದು ಕೈಗೆ ಬರೋದು 23 ಅಂತ ಹಿಡೀರಿ. ಇಷ್ಟಕ್ಕೇ ಪಿಚ್ ಒಂದು ಇಂಚು ಇಳಿಸಬೇಕಾಗೋದು ಸಹಜ, ಮೋಟಾರ್ ಮಾರಿದವರು ಸುಳ್ಳು ಹೇಳ್ಯಾರ ಅಂತ ಜಗಳ ತಗೀಬ್ಯಾಡ್ರಿ.

ಅದರಾಗ ನಮ್ಮ ಬೋಟಿನ ಕೆಲಸಾನೂ ಭಾರದ್ದು. 2020ರ ಅಕ್ಟೋಬರಿನ್ಯಾಗ ಭೀಮಾ ಬಂದದ್ದು, ಅದರ ಹಿಂದಿನ ವರ್ಷ ಆಗಸ್ಟಿನ್ಯಾಗ ಕೃಷ್ಣಾ ಬಂದು ಹೊಳಿ ನಡುವಿನ ನೀಲಕಂಠರಾಯನಗಡ್ಡಿ ದಾರಿ ಕಟ್ಟಾದದ್ದು ಎಲ್ಲರಿಗೂ ನೆನಪದ. ಅಂಥಾ ಹೊತ್ತಿನ್ಯಾಗ ಬೋಟಿಗೆ ಬೇಕಾಗೋದು ಸ್ಪೀಡ್ ಅಲ್ಲ, ತುಂಬಿದ ಬೋಟ್ ಹರಿವಿಗೆ ಎದುರು ಹಿಡಿದು ನಿಲ್ಲಿಸೋ ಬಲ. ಹೆಚ್ಚು ಪಿಚ್ಚಿನ ಪಂಖಾಕ್ಕ ಆ ಬಲ ಇರಂಗಿಲ್ಲ.

ಲಕ್ಷಣ: ಎಂಜಿನ್ ಚೀರ್ತದ, ಬೋಟ್ ಮಾತ್ರ ನಿಂತಲ್ಲೇ

ಇದು ಮ್ಯಾಲಿಂದರ ಉಲ್ಟಾ, ಆರ್‌ಪಿಎಂ ಏರ್ತದ, ಆದ್ರ ಬೋಟಿಗೆ ಮುಟ್ಟಂಗಿಲ್ಲ. ಮೊದಲು ಮೋಟಾರ್ ಎತ್ತಿ ನೋಡ್ರಿ, ಪಂಖಾಕ್ಕ ಬಲಿ, ಜಲಕುಂಬಿ, ಸಿಮೆಂಟ್ ಚೀಲದ ಎಳಿ ಸುತ್ತಿರ್ತದ. ಸುತ್ತಿದ್ದನ್ನ ತಗದು ಹಂಗೇ ಹೋಗಿಬಿಡಬ್ಯಾಡ್ರಿ, ನೈಲಾನ್ ದಾರ ಪಂಖಾದ ಹಿಂದ ಶಾಫ್ಟಿಗೆ ಹೋಗಿ ಕುಂತಿರ್ತದ, ಅದು ಬಿಸಿಯಾಗಿ ಆಯಿಲ್ ಸೀಲ್ ಕೊರೀತದ. ಬಲಿ ಸಿಕ್ಕಿತ್ತು ಅಂದ್ರ ದಂಡಿಗೆ ಬಂದ ಮ್ಯಾಲ ಪಂಖಾ ಬಿಚ್ಚಿ ನೋಡಲೇಬೇಕು.

ಸಣ್ಣ ಮೋಟಾರಿಗೆ, 2ರಿಂದ 5 ಎಚ್‌ಪಿ ಅಂಥವಕ್ಕ ಬಹಳಷ್ಟಕ್ಕ ಪಂಖಾದಾಗ ಶಿಯರ್ ಪಿನ್ ಇರ್ತದ. ನೀರೊಳಗಿನ ಬಂಡಿಗಲ್ಲಿಗೆ ಹೊಡದಾಗ ಗೇರ್ ಉಳೀಲಿ ಅಂತ ಪಿನ್ ತಾನು ಮುರೀತದ. ಮುರದಾಗ ಎಂಜಿನ್ ಓಡ್ತದ, ಪಂಖಾ ನಿಂತಿರ್ತದ. ಹೊಸ ಪಿನ್ ಹಾಕಿದ್ರ ಮುಗೀತು, ಎರಡು ಮೂರು ಬೋಟಿನ್ಯಾಗೇ ಇಟ್ಕೋರಿ. ಒಬ್ಬ ಹುಡುಗ ಪಿನ್ ಇಲ್ಲ ಅಂತ ಮೂರಿಂಚಿನ ಮೊಳಿ ಕತ್ತರಿಸಿ ಹಾಕ್ಕೊಂಡು ಎರಡು ತಿಂಗಳು ಓಡಿಸಿದ, "ಈಗ ಮುರಿಯಂಗೇ ಇಲ್ಲ ಅಣ್ಣಾ" ಅಂತ ಖುಷಿ ಬ್ಯಾರೆ. ಮುಂದಿನ ಬಂಡಿಗೆ ಮೊಳಿ ಮುರೀಲಿಲ್ಲ ಖರೇ, ಗೇರಿನ ಹಲ್ಲು ಮುರದ್ವು. ಕೆಳಗಿನ ಗೇರ್ ಡಬ್ಬಿ ಬಿಚ್ಚಿದಾಗ ಕರೀ ಆಯಿಲಿನ್ಯಾಗ ಹಲ್ಲಿನ ಚೂರು ಜ್ವಾಳದ ಕಾಳಿನಂಗ ಬಿದ್ದಿದ್ವು, ಹುಡುಗ ಮಾತೇ ಆಡಲಿಲ್ಲ.

ದೊಡ್ಡ ಮೋಟಾರಿಗೆ ಪಿನ್ ಬದಲಿ ಪಂಖಾದ ಒಳಗ ರಬ್ಬರ್ ಬುಷ್ ಇರ್ತದ. ಅದು ಹಳೇದಾಗಿ ಜಾರಿದ್ರ ಸಾವಕಾಶ ಹೋಗುವಾಗ ಎಲ್ಲಾ ಬರೋಬರ್, ರೇಸ್ ಕೊಟ್ಟ ಕೂಡಲೇ ಎಂಜಿನ್ ಚೀರಿ ಬೋಟ್ ಸ್ಪೀಡ್ ಬೀಳ್ತದ. ಹಿಡಿಯೋದು ಸುಲಭ: ನಡುವಿನ ಲೋಹದ ಬುಷ್ಷಿನಿಂದ ಪಂಖಾದ ಮೈತನಕ ಒಂದು ನೇರ ಗೆರಿ ಉಗುರ ಬಣ್ಣದಿಂದ ಎಳೀರಿ, ಮನಿಯಾಗ ಬೈಸ್ಕೊಂಡ್ರೂ ಅಡ್ಡಿಯಿಲ್ಲ, ಒಣಗಿದ ಮ್ಯಾಲ ಭಾರ ಹಾಕಿ ಓಡಿಸಿ ಬಂದು ನೋಡ್ರಿ. ಗೆರಿ ಎರಡು ತುಂಡಾಗಿ ಸರದಿದ್ರ ಬುಷ್ ಜಾರ್ತದ. ಹೊಸ ಬುಷ್ ಒತ್ತಿಸ್ಬೇಕು ಇಲ್ಲಾ ಪಂಖಾ ಬದಲಿಸ್ಬೇಕು. ನಡು ನೀರಿನ್ಯಾಗ ಹಿಂಗಾದ್ರ ರೇಸ್ ಪೂರಾ ಇಳಿಸಿ ಸಾವಕಾಶ ದಂಡಿಗೆ ಬರ್ರಿ, ಸಾವಕಾಶಕ್ಕ ಅದು ಹಿಡೀತದ.

ಇದ್ಯಾವುದೂ ಅಲ್ಲ, ಸ್ಪೀಡೂ ಒಂದು ಮಟ್ಟಕ್ಕ ಬರ್ತದ, ಆದ್ರ ಆರ್‌ಪಿಎಂ ಬುಕ್ಕಿನ ಮ್ಯಾಲಿನ ಅಂಕಿ ದಾಟ್ತದ ಅಂದ್ರ ಆಗ ಪಿಚ್ ಕಮ್ಮಿ ಆಗ್ಯದ. ರೇಸ್ ಇಳಿಸಿ ಓಡಿಸ್ರಿ, ಒಂದೊಂದೇ ಇಂಚು ಏರಿಸಿ ನೋಡ್ರಿ.

ಲಕ್ಷಣ: ತಿರುವಿನ್ಯಾಗ ಇಲ್ಲಾ ಅಲಿ ಹೊಡದಾಗ ಒಮ್ಮೆಲೇ ರೇಸ್ ಏರಿ ಹಿಡಿತ ಬಿಡ್ತದ

ಪಂಖಾ ಮ್ಯಾಲಿಂದ ಗಾಳಿ ಎಳಕೊಳ್ಳಕತ್ತದ. ಪಂಖಾದ ಮ್ಯಾಲ ಒಂದು ಅಡ್ಡ ಪಟ್ಟಿ ಇರ್ತದಲ್ಲ, ಬೋಟ್ ದಂಡೀಗಿದ್ದಾಗ ಒಂದು ನೇರ ಬಿದಿರ ಗಳ ಬೋಟಿನ ತಳಕ್ಕ ಹಿಡದು ಹಿಂದ ಚಾಚಿ ನೋಡ್ರಿ, ಆ ಪಟ್ಟಿ ತಳಕ್ಕ ಸಮ ಇಲ್ಲಾ ಒಂದಿಂಚು ಕೆಳಗ ಇರಬೇಕು. ಮ್ಯಾಲ ಇದ್ರ ಗಾಳಿ ಎಳೀತದ, ಭಾಳ ಕೆಳಗ ಇದ್ರ ಬರೇ ನೀರು ಎಳಕೊಂಡು ಭಾರ. ಹಿಂದಿನ ಹಲಗಿ 20 ಇಂಚಿಂದು, ಮೋಟಾರ್ 15 ಇಂಚಿನ ಗಿಡ್ಡ ಕಾಲಿಂದು ಅಂದ್ರ ಯಾವ ಪಂಖಾ ಹಾಕಿದ್ರೂ ಉಪಯೋಗಿಲ್ಲ, ಹಲಗಿ ಕಡಿಸ್ಬೇಕು ಇಲ್ಲಾ ಮೋಟಾರ್ ಬದಲಿಸ್ಬೇಕು.

ಬ್ರ್ಯಾಕೆಟ್ಟಿನ್ಯಾಗ ಓರೆ ಹೊಂದಿಸೋ ಪಿನ್ ಇರ್ತದ, ಸಾಲಾಗಿ ತೂತು. ಮೂತಿ ಏರಿ ಕೂತಿದ್ರ ಪಿನ್ ಬೋಟಿನ ಕಡಿ ಒಂದು ತೂತು ಸರಿಸ್ರಿ, ಮೂತಿ ನೀರಿನ್ಯಾಗ ಚುಚ್ಚಕತ್ತಿದ್ರ ಹೊರಗ. ಪೈಸಾ ಖರ್ಚಿಲ್ಲದೇ ಇದರಿಂದಲೇ ಅರ್ಧ ತ್ರಾಸ ಹೋದ ಬೋಟ್ ನೋಡೀನಿ. ಎಲ್ಲಾ ಮಂದಿ ಹಿಂದೇ ಕುಂತಿದ್ರ ಎದ್ದು ಮುಂದ ಕೂಡಿಸ್ರಿ, ಇದೂ ರಿಪೇರಿನೇ. ಎಲ್ಲಾ ಸರಿ ಇದ್ದೂ ತಿರುವಿನ್ಯಾಗ ಬಿಡ್ತದ ಅಂದ್ರ ಆಗ ನಾಲ್ಕು ಎಲಿ ಪಂಖಾ ವಿಚಾರ ಮಾಡಬಹುದು, ಮೂರು ಎಲೀಕಿಂತ ನೀರು ಗಟ್ಟಿ ಹಿಡೀತದ, ಟಾಪ್ ಸ್ಪೀಡ್ ಜರ ಹೋಗ್ತದ, ಅದೇ ಪಿಚ್ ಇದ್ರ ಆರ್‌ಪಿಎಮ್ಮೂ ಸ್ವಲ್ಪ ಇಳೀತದ.

ಲಕ್ಷಣ: ಖಾಲಿ ಇದ್ದಾಗ ಹಾರ್ತದ, ಮಂದಿ ಹತ್ತಿದ್ರ ಸತ್ತಂಗ

ಇಲ್ಲಿ ನಾನೇ ಎಡವಿದ್ದು ಹೇಳ್ತೀನಿ. 25 ಎಚ್‌ಪಿ ಟೂ ಸ್ಟ್ರೋಕ್ ಮೋಟಾರ್, ಫೈಬರ್ ಬೋಟ್, ಎಂಟು ಮಂದಿ. ಬುಕ್ಕಿನ್ಯಾಗ 4,500ರಿಂದ 5,500, ಮೀಟರ್ ತೋರಿಸಿದ್ದು 4,200, ಸ್ಪೀಡ್ ತಾಸಿಗೆ 17 ಕಿಲೋಮೀಟರ್. ಪಂಖಾದ ಮ್ಯಾಲ ಪಿಚ್ 12. ಮೂರು ಇಂಚು ಇಳಿಸಿದ್ರ ಆತು ಅಂತ ಲೆಕ್ಕ ಹಾಕಿ 9 ಇಂಚಿಂದು ತರಿಸಿದೆ, ಹಾಕಿದೆ, 4,500 ಅಷ್ಟೇ ಬಂತು. ಲೆಕ್ಕದ ಪ್ರಕಾರ 4,700 ದಾಟಬೇಕಿತ್ತು. ಮೂರು ದಿನ ಕಾರ್ಬೋರೇಟರ್ ಬಿಚ್ಚಿ ಹಾಕಿದ್ದೇ ಹಾಕಿದ್ದು.

ಕಡೀಕ ಬೋಟ್ ಟ್ರಾಲಿ ಸಮೇತ ಹತ್ತಿ ಜಿನ್ನಿಂಗ್ ಮಿಲ್ಲಿನ ತೂಕದ ಕಾಟಾಕ್ಕ ಹತ್ತಿಸಿದ್ವಿ, ಅಲ್ಲಿನ ಗುಮಾಸ್ತ "ಇದ್ಯಾವ ಹತ್ತಿ ಮಾರಾಯ" ಅಂತ ನಕ್ಕ. ಟ್ರಾಲಿ ಕಳದ್ರ ಬೋಟ್ ಇರಬೇಕಾದ್ದಕ್ಕಿಂತ 180 ಕಿಲೋ ಜಾಸ್ತಿ. ಎರಡು ತಳದ ಬೋಟ್ ಅದು, ನಡುವ ಫೋಮ್. ತಳದಾಗ ಸಣ್ಣ ಬಿರುಕು ಬಿಟ್ಟು ಫೋಮೆಲ್ಲಾ ನೀರು ಕುಡದು ಕುಂತಿತ್ತು, ಅಂದ್ರ ಎರಡು ಮೂರು ಮಂದಿ ಕಣ್ಣಿಗೆ ಕಾಣದಂಗ ದಿನಾ ಹತ್ತಿಕೊಂಡು ತಿರಗತಿದ್ರು. ತೂತು ಹೊಡದಾಗ ಕರೀ ನೀರು ಸಂಜೀತನಕ ಸೋರಿತು, ವಾಸನಿ ಬ್ಯಾರೆ. ಒಣಗಿಸಿ ಬಿರುಕು ಮುಚ್ಚಿದ ಮ್ಯಾಲ ಅದೇ 9 ಇಂಚಿನ ಪಂಖಾಕ್ಕ ಎಂಟು ಮಂದಿ ಕೂಡಿಸಿ 4,900, ಸ್ಪೀಡ್ 21.

ಅದಕ್ಕ ಭಾರದ ದೂರು ಬಂದರ ಪಂಖಾಕ್ಕಿಂತ ಮುಂಚೆ ಬೋಟಿನ ತಳ ನೋಡ್ರಿ. ನೀರು ತುಂಬ್ಯದನಾ, ಪಾಚಿ ಕಟ್ಟ್ಯದನಾ, ಕೈ ಆಡಿಸಿದ್ರ ಗೊತ್ತಾಗ್ತದ, ಹಿನ್ನೀರಿನ್ಯಾಗೇ ತಿಂಗಳಗಟ್ಟಲೆ ಕಟ್ಟಿದ ಬೋಟಿಗೆ ಪಾಚಿ ಕಂಬಳಿ ಹೊದಿಸಿದಂಗ ಕುಂತಿರ್ತದ.

ಲಕ್ಷಣ: ನಡುಗ್ತದ

ಎಲಿ ಬಾಗ್ಯದ, ಅಂಚು ಹರದದ, ಇಲ್ಲಾ ಶಾಫ್ಟೇ ಬಾಗ್ಯದ. ಒಂದು ಕಡ್ಡಿ ಆ ಅಡ್ಡ ಪಟ್ಟಿಗೆ ಟೇಪ್ ಹಚ್ಚಿ ಎಲಿ ತುದಿಗೆ ಹತ್ತಿರ ನಿಲ್ಲಿಸ್ರಿ, ಪಂಖಾ ಕೈಯಿಂದ ತಿರುವ್ರಿ, ಮೂರೂ ಎಲಿ ಕಡ್ಡಿಗೆ ಅಷ್ಟೇ ಅಂತರದಾಗ ದಾಟಬೇಕು. ಒಂದು ದೂರ ಹೋದ್ರ ಎಲಿ ಬಾಗ್ಯದ. ಆಮ್ಯಾಲ ಪಂಖಾ ಬಿಚ್ಚಿ ಬರೇ ಶಾಫ್ಟ್ ತಿರುವಿ ತುದಿ ನೋಡ್ರಿ, ಅದು ಓಲಾಡಿದ್ರ ಅಲ್ಲಿಗೇ ನಿಲ್ಲಿಸ್ರಿ, ಹೊಸ ಪಂಖಾ ಹಾಕಿದ್ರೂ ಸೀಲ್, ಬೇರಿಂಗ್ ತಿಂದೇ ತಿಂತದ.

ಅಂಚಿನ ಸಣ್ಣ ಹರಕು ಅರದಿಂದ ಉಜ್ಜಿ ನುಣುಪು ಮಾಡಬಹುದು, ಮೂರೂ ಎಲಿಗೂ ಒಂದೇ ಆಕಾರ ಉಳೀಬೇಕು. ದೊಡ್ಡದಾದ್ರ ಪಂಖಾ ರಿಪೇರಿ ಮಾಡೋರ ಕಡಿ ಕಳಸ್ರಿ, ಕುಂಟಿ ರಂಟಿ ಬೆಸಿಯೋರ ಕಡಿ ಬ್ಯಾಡ. ಅಲ್ಯೂಮಿನಿಯಂ ಎಲಿ ಸುತ್ತಿಗಿಲೆ ಬಡದು ನೇರ ಮಾಡಿದ್ರ ನೋಡಾಕ ನೇರ, ಪಿಚ್ ಮೂರು ಎಲಿಗೆ ಮೂರು. ಭೀಮಾದ ಮರಳಿನ್ಯಾಗ ಓಡೋವು ಹೊಡತ ತಿನ್ನದಿದ್ರೂ ಅಂಚು ಸವದು ತೆಳ್ಳಗಾಗ್ತಾವ, ಅಡ್ಡಳತಿ ಕಮ್ಮಿ ಆಗಿ ಆರ್‌ಪಿಎಂ ಮೆಲ್ಲಗ ಏರ್ಕೋತ ಹೋಗ್ತದ, ಅಳದು ಒತ್ತಿದ ಅಂಕಿ ಜೋಡಿ ಹೋಲಿಸಿ ನೋಡ್ರಿ.

ಈಗ ಹೊಸ ಪಂಖಾ ಆರಿಸೋದು

ಲೆಕ್ಕ ಒಂದು ಇಟ್ಕೋರಿ. ಆರ್‌ಪಿಎಂ ಅನ್ನ ಗೇರ್ ರೇಷಿಯೋದಿಂದ (ಪಂಖಾದ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಅನ್ನೋದು) ಭಾಗಿಸಿ, ಪಿಚ್ ಇಂಚಿನಿಂದ ಗುಣಿಸಿ, ಬಂದದ್ದನ್ನ 0.001524ರಿಂದ ಗುಣಿಸಿದ್ರ ಜಾರದೇ ಹೋದರ ಬರಬೇಕಾದ ಸ್ಪೀಡ್ ಕಿಲೋಮೀಟರಿನ್ಯಾಗ ಬರ್ತದ. ಮ್ಯಾಲಿನ ಬೋಟಿನ ಗೇರ್ ರೇಷಿಯೋ 2.08. ಹಳೇ ಪಂಖಾಕ್ಕ 4,200ಕ್ಕ ಬರಬೇಕಾದ್ದು ಹತ್ತಿರ 37, ಬಂದದ್ದು 17, ಅರ್ಧಕ್ಕಿಂತ ಹೆಚ್ಚು ಜಾರಿ ಹೋಗ್ತಿತ್ತು. ಹೊಸದಕ್ಕ ಬರಬೇಕಾದ್ದು 32, ಬಂದದ್ದು 21, ಜಾರೋದು ಶೇಕಡಾ 35. ಹಗುರ ಬೋಟ್ ನೀರಿನ ಮ್ಯಾಲ ಹಾರುವಾಗ 10ರಿಂದ 20 ಜಾರೋದು ಸಹಜ, ನಮ್ಮಂಥಾ ತುಂಬಿದ ಬೋಟಿಗೆ ಜಾಸ್ತಿನೇ ಇರ್ತದ, ಆದ್ರ ಅರ್ಧ ದಾಟಿದ್ರ ಏನೋ ತಪ್ಪದ.

ಗುರಿ ಏನಿರಬೇಕು ಅಂದ್ರ, ಹಗುರ ಇದ್ದಾಗ ಫುಲ್ ರೇಸ್ ಬುಕ್ಕಿನ ಮ್ಯಾಲಿನ ಅಂಕಿ ದಾಟಬಾರದು, ಪೂರಾ ತುಂಬಿದಾಗ ಕೆಳಗಿನ ಅಂಕೀಕಿಂತ ಇಳೀಬಾರದು. ಒಂದೇ ಪಂಖಾದಾಗ ಎರಡೂ ಕೂಡಂಗಿಲ್ಲ ಅಂದ್ರ ಎರಡು ಪಂಖಾ ಇಟ್ಕೋರಿ, ಮೀನಿಗೆ ಒಂದು, ಹೊಳಿ ಬಂದಾಗ ಭಾರಕ್ಕ ಇನ್ನೊಂದು. ಹಳೇದನ್ನ ಗುಜರಿಗೆ ಹಾಕಬ್ಯಾಡ್ರಿ, ಅದೇ ಸ್ಪೇರ್.

ಸ್ಟೀಲ್ ತಗೋಬೇಕಾ ಅಂತ ಕೇಳ್ತಾರ. ಆಳ ನೀರಿನ್ಯಾಗ ಸ್ಟೀಲ್ ಚಲೋ, ತೆಳು ಎಲಿ, ಬಾಗಂಗಿಲ್ಲ. ನಮ್ಮ ಹೊಳಿಯಾಗ ಬಂಡಿ, ಹಿನ್ನೀರಿನ್ಯಾಗ ಮುಳುಗಿದ ಜಾಲಿ ಬೊಡ್ಡಿ. ಅಲ್ಯೂಮಿನಿಯಂ ಆದ್ರ ಎಲಿ ಮುರದು ಹೊಡತ ತಾನು ತಿಂತದ, ಸ್ಟೀಲ್ ಆದ್ರ ಹೊಡತ ಒಳಗಿನ ಗೇರಿಗೆ ಹೋಗ್ತದ. ನನ್ನ ಕೇಳಿದ್ರ ಅಲ್ಯೂಮಿನಿಯಮ್ಮೇ.

ತರಿಸೋ ಮುಂಚೆ ಮೋಟಾರಿನ ಮಾಡೆಲ್ ನಂಬರ್, ಶಾಫ್ಟಿನ ಹಲ್ಲು ಎಷ್ಟು, ಹೊಗಿ ಪಂಖಾದ ನಡುವಿನಿಂದ ಹೋಗ್ತದೋ ಇಲ್ಲೋ, ಹಳೇ ಪಂಖಾದ ಮ್ಯಾಲ ಅಂಕಿ ಜೋಡಿ ಅಕ್ಷರ ಒತ್ತಿದ್ರ ಅದೂ, ಎಲ್ಲಾ ಫೋಟೋ ತಗದು ಕಳಸ್ರಿ. 25 ಎಚ್‌ಪಿಗೆ ಒಂದು ಪಂಖಾ ಅಂತ ಕೇಳಿದ್ರ ಬರೋದು ಏನು ಬೇಕಾದ್ರೂ ಆಗಬಹುದು. ಬ್ಯಾರೆ ಕಂಪನಿದು ಅದೇ ಪಿಚ್ ಇದ್ರೂ ಎಲಿ ಆಕಾರ ಬ್ಯಾರೆ ಇರ್ತದ, 100-200 ಆರ್‌ಪಿಎಂ ಫರಕು ಬಂದರ ಗಾಬರಿ ಬ್ಯಾಡ. ಸಾಧ್ಯ ಆದ್ರ ಯಾರದರೆ ಕೇಳಿ ತಂದು ಒಂದಿನ ಹಾಕಿ ನೋಡಿ ಆಮ್ಯಾಲ ರೊಕ್ಕ ಕೊಡ್ರಿ.

ಎಲ್ಲಿ ಕೈ ಬಿಟ್ಟು ಗೊತ್ತಿದ್ದವರ ಕಡಿ ಒಯ್ಯಬೇಕು

ಕೆಳಗಿನ ಡಬ್ಬಿ ಆಯಿಲ್ ಹಾಲು ಹಾಕಿದ ಚಾದಂಗ ಬಂದರ ನೀರು ಒಳಗ ಹೋಗ್ಯದ, ಅದರಾಗ ಲೋಹದ ಚೂರು ಹೊಳದ್ರ ಗೇರ್ ತಿನ್ನಕತ್ತದ. ಗೇರ್ ಹಾಕಿದಾಗ ಟಕ ಟಕ ಸಪ್ಪಳ ಬಂದ್ರೂ ಅಷ್ಟೇ. ಎಂಜಿನ್ ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರಿ ಬರದಿದ್ರ, ನಾವು ಮೋಟಾರ್ ಉಚ್ಚಿ ಹೊಯ್ತಿಲ್ಲ ಅಂತೀವಿ, ಆ ಕ್ಷಣಾನೇ ಬಂದ್ ಮಾಡ್ರಿ, ನೀರಿನ ಪಂಪಿನ ರಬ್ಬರ್ ಹೋಗಿರ್ತದ ಇಲ್ಲಾ ಮರಳು ಕಟ್ಟಿರ್ತದ. ಮನಿ ಮುಂದ ಡ್ರಮ್ಮಿನ್ಯಾಗ ಓಡಿಸಿ ನೋಡೋರು ಪಂಖಾ ಬಿಚ್ಚೇ ಓಡಿಸ್ರಿ, ಬಯಲಿನ್ಯಾಗೇ ಓಡಿಸ್ರಿ, ಹೊಗಿ ವಿಷ. ನೀರಿಲ್ಲದೇ ಮಾತ್ರ ಒಂದು ಸಲಾನೂ ಬ್ಯಾಡ, ಆ ರಬ್ಬರ್ ಸುಡಾಕ ಭಾಳ ಹೊತ್ತು ಬೇಕಾಗಂಗಿಲ್ಲ. ಡ್ಯಾಮಿನ ಗೇಟಿನ ಹತ್ತಿರ, ನೀರು ಬಿಡೋ ದಿನದಾಗ ಗೇಟಿನ ಕೆಳಗ, ಫುಲ್ ರೇಸ್ ಟೆಸ್ಟ್ ಮಾಡೋದು ಹುಚ್ಚುತನ, ಪಿನ್ ಒಂದು ಮುರದ್ರ ಹಿಡಕೊಳ್ಳಾಕ ಏನೂ ಇರಂಗಿಲ್ಲ.

ಹಾಕುವಾಗ

ಎಲಿ ಮತ್ತ ಅಡ್ಡ ಪಟ್ಟಿ ನಡುವ ಕಟ್ಟಿಗಿ ತುಂಡು ಕೊಟ್ಟು ನಟ್ ಬಿಚ್ಚ್ರಿ, ಕೈಯಿಂದ ಎಲಿ ಹಿಡೀಬ್ಯಾಡ್ರಿ. ವಾಷರ್ ಯಾವ ಕ್ರಮದಾಗ ಬಂದ್ವು ಅಂತ ಫೋಟೋ ತಗೀರಿ, ಪಂಖಾದ ಮುಂದಿನ ದಪ್ಪ ವಾಷರ್ ಮರತ್ರ ಪಂಖಾ ಡಬ್ಬಿಗೆ ತಿಕ್ಕತದ. ಶಾಫ್ಟಿನ ಹಲ್ಲಿಗೆ ನೀರಿಗೆ ಹೋಗಲಾರದ ಗ್ರೀಸ್ ಹಚ್ಚ್ರಿ, ಇಲ್ಲಾಂದ್ರ ಮುಂದಿನ ವರ್ಷ ಬಿಚ್ಚಾಕ ಬರಂಗಿಲ್ಲ. ನಟ್ ಕಳಚದಂಗ ಹಿಡಿಯೋ ಕಾಟರ್ ಪಿನ್ ಪ್ರತಿ ಸಲ ಹೊಸಾದು, ಐದು ರೂಪಾಯಿ ಉಳಸಾಕ ಹೋಗಿ ಪಂಖಾ ಹೊಳಿಗೆ ಕೊಟ್ಟವರು ಇದ್ದಾರ. ಅರ್ಧ ತಾಸು ಓಡಿಸಿ ದಂಡಿಗೆ ಬಂದು ನಟ್ ಮತ್ತೊಮ್ಮೆ ನೋಡ್ರಿ, ಆರ್‌ಪಿಎಂ, ಸ್ಪೀಡ್, ಎಷ್ಟು ಮಂದಿ, ಮೂರನ್ನೂ ಮುಚ್ಚಳದ ಒಳಗ ಮಾರ್ಕರಿನಿಂದ ಬರದಿಡ್ರಿ.